ಹಳೇ ಮಠವನ್ನು ಊರ ಗ್ರಂಥಾಲಯ ಮಾಡಬಹುದಾ? ನಮ್ಮೂರಲ್ಲಿ ಎರಡು ಪಾಲಾಗಿದೆ

ನಗರಸೀಮೆಯವ
ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರ ತಾಲ್ಲೂಕಿನ ಸಣ್ಣ ಊರು. ಹೆಸರು ಬೇಡ, ಈಗಾಗಲೇ ಮಾತಿಗೆ ಮಾತು ಬೆಳೆದಿದೆ. ಊರ ನಡುವೆ ಹಳೇ ವೀರಶೈವ ಮಠ ಇದೆ. ಕೆಳದಿ ಅರಸರ ಕಾಲದ್ದು ಅಂತ ಹಿರಿಯರು ಹೇಳುತ್ತಾರೆ. ಜಂಬಿಟ್ಟಿಗೆ ಗೋಡೆ, ಹಲಸಿನ ಮರದ ಕಂಬ, ನಡುವೆ ತೊಟ್ಟಿ, ಸುತ್ತ ಜಗಲಿ. ಕೊನೆಯ ಸ್ವಾಮಿಗಳು ಲಿಂಗೈಕ್ಯರಾದ ಮೇಲೆ ಪಟ್ಟಕ್ಕೆ ಯಾರೂ ಬರಲಿಲ್ಲ. ನೋಡಿಕೊಳ್ಳುತ್ತಿದ್ದ ಮನೆಯವರು ಪೂಜೆಯನ್ನು ಊರ ಈಶ್ವರ ದೇವಸ್ಥಾನಕ್ಕೆ ಸಾಗಿಸಿದ್ದಾರೆ. ಮಠದಲ್ಲಿ ಉಳಿದಿರುವುದು ಹಿಂದಿನ ಕೋಣೆಯ ಗದ್ದುಗೆ, ಅಂದರೆ ಗುರುಗಳ ಸಮಾಧಿ, ಒಂದೇ.

ಪಂಚಾಯಿತಿ ಗ್ರಂಥಾಲಯ ಈಗ ಡೇರಿ ಪಕ್ಕದ ಒಂದು ಕೋಣೆಯಲ್ಲಿದೆ. ನಾಲ್ಕು ಮಕ್ಕಳು ಕೂತರೆ ಐದನೆಯವನು ಬಾಗಿಲಲ್ಲಿ ನಿಲ್ಲಬೇಕು. ಮಠ ನೋಡಿಕೊಳ್ಳುವ ಮನೆಯವರೇ ಮುಂದೆ ಬಂದು "ಕಟ್ಟಡ ಊರಿಗೆ ಉಪಯೋಗ ಆಗಲಿ, ಗ್ರಂಥಾಲಯ ಮಾಡಿ" ಅಂದಿದ್ದಾರೆ. ಅರ್ಧ ಊರು ಬೇಡ ಅನ್ನುತ್ತಿದೆ. ನನಗಂತೂ ಆಗಲೇಬೇಕು ಅಂತ ಇದೆ, ಯಾಕೆಂದರೆ ಅಡುಗೆಮನೆ ಕಡೆಯ ಮಾಡು ಇನ್ನೊಂದು ಮಳೆಗಾಲ ತಡೆಯುವುದಿಲ್ಲ. ಇಂಥದ್ದು ಬೇರೆ ಎಲ್ಲಾದರೂ ಆಗಿದೆಯಾ? ಕಾನೂನಿನ ತೊಡಕು ಏನಾದರೂ ಇದೆಯಾ? ತಿಳಿದವರು ಹೇಳಿ.

ತುಂಗೆ ದಡ
ಮಾಡಿ ಮಾರಾಯ್ರೆ. ಬಾವಲಿಗೆ ಬಿಟ್ಟುಕೊಡುವ ಬದಲು ಮಕ್ಕಳಿಗೆ ಕೊಡಿ.

ಗದ್ದುಗೆ ಭಕ್ತ
ತುಂಗೆ ದಡದವರೇ, ಅಷ್ಟು ಸಲೀಸಾಗಿ ಹೇಳಬೇಡಿ. ಮಠ ಅಂದರೆ ಖಾಲಿ ಬಿದ್ದ ಗೋಡೌನ್ ಅಲ್ಲ. ಗದ್ದುಗೆಯಲ್ಲಿ ಗುರುಗಳು ಕೂತಿದ್ದಾರೆ. ಲಿಂಗ ಸಾಗಿಸಬಹುದು, ಗದ್ದುಗೆ ಸಾಗಿಸುವ ಪದ್ಧತಿ ನಮ್ಮಲ್ಲಿಲ್ಲ. ನಮ್ಮ ತಾಯಿ ಮದುವೆಯಾಗಿ ಬಂದ ದಿನ ಮೊದಲು ತಲೆ ಬಾಗಿದ್ದು ಅಂಥದೇ ಒಂದು ಗದ್ದುಗೆಗೆ. ಅಲ್ಲಿ ಚಪ್ಪಲಿ ಹಾಕಿಕೊಂಡು ಓಡಾಡಿ, ಫ್ಯಾನ್ ಕೆಳಗೆ ಕೂತು ಪೇಪರ್ ಓದುವುದನ್ನು ನಾನು ಒಪ್ಪುವುದಿಲ್ಲ.

ಕಡತದ ಕಟ್ಟು
ಉದಾಹರಣೆ ಕೇಳಿದ್ದೀರಿ. ದೂರ ಹೋಗಬೇಕಾಗಿಲ್ಲ, ಮಡಿಕೇರಿಗೆ ಹೋಗಿ. ಕೋಟೆಯೊಳಗಿನ ಸೇಂಟ್ ಮಾರ್ಕ್ಸ್ ಚರ್ಚ್ ಬ್ರಿಟಿಷರ ಕಾಲದ್ದು. ಸ್ವಾತಂತ್ರ್ಯ ಬಂದ ಮೇಲೆ ಅಲ್ಲಿ ಪ್ರಾರ್ಥನೆ ನಿಂತಿತು. 1971ರಲ್ಲಿ ರಾಜ್ಯ ಪುರಾತತ್ವ ಇಲಾಖೆ ಅದನ್ನು ವಹಿಸಿಕೊಂಡು ವಸ್ತು ಸಂಗ್ರಹಾಲಯ ಮಾಡಿತು. ಈಗ ಆ ಚರ್ಚಿನೊಳಗೆ ವೀರಗಲ್ಲುಗಳಿವೆ, ಹಳೇ ಶಿಲ್ಪಗಳಿವೆ. ಹೊರಗಿನಿಂದ ನೋಡಿದರೆ ಇಂದಿಗೂ ಚರ್ಚೇ. ಕಟ್ಟಡದ ಮುಖ ಕೆಡಿಸದೆ ಕೆಲಸ ಬದಲಾಯಿಸಿದ್ದಾರೆ. ಅದು ಉಳಿದಿರುವುದೂ ಅದರಿಂದಲೇ.

ಗದ್ದುಗೆ ಭಕ್ತ
ಕಡತದ ಕಟ್ಟು ಸರ್, ಒಂದೇ ಕಡೆಯ ಉದಾಹರಣೆ ಕೊಟ್ಟಿರಿ. ವಿಜಯಪುರದ್ದೂ ಹೇಳಿ. ಅಲ್ಲಿ ಬ್ರಿಟಿಷರು ಒಂದು ಮಸೀದಿಯನ್ನು ಪೋಸ್ಟ್ ಆಫೀಸ್ ಮಾಡಿದ್ದರು, ಇನ್ನೊಂದನ್ನು ಡಾಕ್ ಬಂಗಲೆ ಮಾಡಿದ್ದರು. ಕೊನೆಗೆ ಅವರ ವೈಸರಾಯ್ ಕರ್ಜನ್‌ಗೇ ಅದು ಸರಿ ಕಾಣದೆ ಎರಡನ್ನೂ ಖಾಲಿ ಮಾಡಿಸಿದ. 1904ರಲ್ಲಿ ಹಳೇ ಸ್ಮಾರಕಗಳ ರಕ್ಷಣೆಗೆ ಕಾಯ್ದೆ ಬಂದದ್ದೂ ಅವನ ಕಾಲದಲ್ಲೇ. ನೂರಿಪ್ಪತ್ತು ವರ್ಷದ ಹಿಂದೆ ಪರದೇಶದವನಿಗೆ ಅರ್ಥವಾದದ್ದು ನಮಗೆ ಅರ್ಥವಾಗುವುದಿಲ್ಲವಾ?

ಹೆಂಚಿನ ಮಾಡು
ಅದೂ ಇದೂ ಒಂದೇ ಅಲ್ಲ. ವಿಜಯಪುರದಲ್ಲಿ ಆಳುವವರು ಯಾರನ್ನೂ ಕೇಳದೆ ಹೊಕ್ಕಿದ್ದರು. ಇಲ್ಲಿ ಮಠದ ಮನೆಯವರೇ ಕೊಡುತ್ತೇವೆ ಅನ್ನುತ್ತಿದ್ದಾರೆ. ಕಿತ್ತುಕೊಳ್ಳುವುದಕ್ಕೂ ಕೊಡುವುದಕ್ಕೂ ಅಜಗಜಾಂತರ ಇದೆ.

ಶಿಕಾರಿಪುರ ರೋಡ್
1991ರ ಪೂಜಾ ಸ್ಥಳಗಳ ಕಾಯ್ದೆ ಇದೆಯಲ್ಲ, 1947ರಲ್ಲಿ ಹೇಗಿತ್ತೋ ಹಾಗೇ ಇರಬೇಕು ಅಂತ. ಗ್ರಂಥಾಲಯ ಹೇಗೆ ಮಾಡುತ್ತೀರಿ? ಯಾರಾದರೂ ಕೇಸ್ ಹಾಕಿದರೆ ಮುಗಿಯಿತು.

ಪಹಣಿ ಓದುವವಳು
ಶಿಕಾರಿಪುರ ರೋಡ್ ಅವರೇ, ಆ ಕಾಯ್ದೆಯ 3ನೇ ಸೆಕ್ಷನ್ ತಡೆಯುವುದು ಒಂದು ಧರ್ಮದ ಅಥವಾ ಪಂಗಡದ ಪೂಜಾ ಸ್ಥಳವನ್ನು ಇನ್ನೊಂದರ ಪೂಜಾ ಸ್ಥಳ ಮಾಡುವುದನ್ನು. ಗ್ರಂಥಾಲಯ ಪೂಜಾ ಸ್ಥಳ ಅಲ್ಲವಲ್ಲ. ಅದನ್ನು ಇಲ್ಲಿ ಅಡ್ಡ ತರುವುದರಲ್ಲಿ ಅರ್ಥ ಇಲ್ಲ.

ನಿಜವಾದ ತೊಡಕು ಬೇರೆ. ಕೊಡುತ್ತೇವೆ ಅನ್ನುವ ಮನೆಯವರಿಗೆ ಕೊಡುವ ಹಕ್ಕು ಇದೆಯಾ? ಮಠದ ಆಸ್ತಿ ಮಠದ್ದು. ಸ್ವಾಮಿಗಳೇ ಇದ್ದರೂ ಅದನ್ನು ಸ್ವಂತ ಮನೆಯ ಹಾಗೆ ಯಾರಿಗೋ ಬರೆದುಕೊಡಲು ಬರುವುದಿಲ್ಲ. ನೋಡಿಕೊಳ್ಳುವವರಿಗೆ ಇನ್ನೂ ಕಷ್ಟ. ಜೊತೆಗೆ ಇದು ದೊಡ್ಡ ಮಠವೊಂದರ ಶಾಖೆಯಾಗಿದ್ದರೆ ಆ ಮಠದವರ ಒಪ್ಪಿಗೆಯೂ ಬೇಕು. ಮುಜರಾಯಿಗೆ, ಅಂದರೆ ಧಾರ್ಮಿಕ ದತ್ತಿ ಇಲಾಖೆಗೆ, ಅರ್ಜಿ ಕೊಡಿ ಅಂತ ಯಾರಾದರೂ ಹೇಳಿದರೆ ಹೋಗಬೇಡಿ, ಸುಮ್ನೆ ಅಲೆದಾಟ. 1997ರ ಧಾರ್ಮಿಕ ದತ್ತಿ ಕಾಯ್ದೆ ಮಠಗಳಿಗೂ ಮಠಕ್ಕೆ ಸೇರಿದ ದೇವಸ್ಥಾನಗಳಿಗೂ ಅನ್ವಯಿಸುವುದಿಲ್ಲ.

ಮೊದಲು ದಾಖಲೆ ತೆಗೆಸಿ. ಜಾಗ ಸರ್ವೆ ನಂಬರಿನಲ್ಲಿದ್ದರೆ ಪಹಣಿಯ 9ನೇ ಕಾಲಂನಲ್ಲಿ ಯಾರ ಹೆಸರಿದೆ ನೋಡಿ. ಗ್ರಾಮಠಾಣಾದಲ್ಲಿದ್ದರೆ, ಅಂದರೆ ಊರ ಮನೆಗಳಿರುವ ಜಾಗದಲ್ಲಿದ್ದರೆ, ಪಂಚಾಯಿತಿಯಲ್ಲಿ ಆಸ್ತಿ ದಾಖಲೆಯಾದ ಈ-ಸ್ವತ್ತು ನಮೂನೆ 9 ಮತ್ತು 11 ಕೇಳಿ. ದಾನಪತ್ರದ ಮಾತು ಬಿಡಿ. ಮಠದ ಹೆಸರು ಹಾಗೇ ಉಳಿಯಲಿ, ಪಂಚಾಯಿತಿಗೆ ಬಳಕೆಗೆ ಕೊಟ್ಟಂತೆ ಕರಾರು ಮಾಡಿ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಬಿಳಿ ಹಾಳೆಯಲ್ಲಿ ಬರೆದು ನಾಲ್ಕು ಜನ ಸಹಿ ಹಾಕಿದರೆ ನಾಳೆ ಅದಕ್ಕೆ ಬೆಲೆ ಇರುವುದಿಲ್ಲ.

ನಗರಸೀಮೆಯವ
ತುಂಬಾ ಉಪಕಾರ ಮೇಡಂ. ಗ್ರಾಮಠಾಣಾದಲ್ಲೇ ಇದೆ. ದಾಖಲೆ ಮಠದ ಹೆಸರಲ್ಲಿದೆ ಅಂತ ಕಾರ್ಯದರ್ಶಿ ಬಾಯಿಮಾತಲ್ಲಿ ಹೇಳಿದ್ದಾರೆ. ನಕಲು ತೆಗೆಸುತ್ತೇನೆ.

ಕೊಳಗ
ಇಷ್ಟು ಹೊತ್ತು ಓದಿದೆ. ಮಠ ಯಾರದ್ದು ಅಂತ ಎಲ್ಲರೂ ಕೇಳುತ್ತಿದ್ದೀರಿ. ನನ್ನ ಕಡೆಯಿಂದಲೂ ಒಂದು ಮಾತು ಇದೆ.

ನಮ್ಮೂರು ಬೇರೆ, ಆದರೆ ಇಂಥದೇ ಮಠ. ನಮ್ಮಜ್ಜ ಅಜ್ಜಿ ಮಠದ ಗದ್ದೆ ಗೇಣಿಗೆ ಮಾಡುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಭತ್ತ ಹೊತ್ತು ತಂದು ಮಠದ ಅಂಗಳದಲ್ಲಿ ಸುರಿಯಬೇಕು. ಅಲ್ಲಿ ಮಠದವರ ಕೊಳಗದಲ್ಲೇ ಅಳೆಯುತ್ತಿದ್ದರು. ಮೇಲೆ ಗೋಪುರದ ಹಾಗೆ ರಾಶಿ ನಿಲ್ಲಬೇಕು, ಉದುರಿದ್ದು ಲೆಕ್ಕಕ್ಕಿಲ್ಲ. ಅಜ್ಜಿ ಆ ಅಂಗಳ ದಾಟಿ ಜಗಲಿ ಹತ್ತಿದವಳಲ್ಲ. ಹತ್ತಲು ಬಿಡುತ್ತಿರಲಿಲ್ಲ. ನೀರು ಕೇಳಿದರೆ ಮೇಲಿನಿಂದ ಬೊಗಸೆಗೆ ಹೊಯ್ಯುತ್ತಿದ್ದರು. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಸತ್ಯಾಗ್ರಹ ಎದ್ದದ್ದು ಈ ಕೊಳಗದ ಅಳತೆಯ ಜಗಳದಿಂದಲೇ, ನೆನಪಿರಲಿ. 1974ರ ಭೂ ಸುಧಾರಣೆ ಬಂದ ಮೇಲೆ ಅಜ್ಜ ಗೇಣಿದಾರರ ಅರ್ಜಿಯಾದ ನಮೂನೆ 7 ತುಂಬಿ, ಉಳುತ್ತಿರುವ ಗದ್ದೆ ತಮಗೆ ಬರಬೇಕು ಅಂತ ಡಿಕ್ಲರೇಷನ್ ಕೊಟ್ಟರು. ಗದ್ದೆ ನಮ್ಮದಾಯಿತು.

ಆ ಮಠದ ಒಂದೊಂದು ಕಂಬದ ಹಿಂದೆ ನಮ್ಮಂಥವರ ಭತ್ತ ಇದೆ. ಕಾಗದದಲ್ಲಿ ಯಾರ ಹೆಸರಾದರೂ ಇರಲಿ. ಗ್ರಂಥಾಲಯ ಆದರೆ ನನ್ನ ಮಗಳಂಥ ಹುಡುಗಿ ಆ ಜಗಲಿ ಹತ್ತಿ, ಒಳಗೆ ಹೋಗಿ, ನಡುಮನೆಯಲ್ಲಿ ಕುರ್ಚಿ ಹಾಕಿ ಕೂರುತ್ತಾಳೆ. ಯಾರ ಅಪ್ಪಣೆಯೂ ಬೇಡ. ನನಗೆ ಬೇಕಾಗಿರುವುದು ಇದು. ನಗರಸೀಮೆಯವರೇ, ಪಟ್ಟು ಬಿಡಬೇಡಿ.

ಲೈಬ್ರರಿ ಅಕ್ಕ
ಕೊಳಗ ಅಣ್ಣ, ಓದಿ ಕಣ್ಣು ತುಂಬಿ ಬಂತು.

ಗದ್ದುಗೆ ಭಕ್ತ
ಕೊಳಗ ಅವರೇ, ನಿಮ್ಮ ಅಜ್ಜಿಗೆ ಆದದ್ದು ತಪ್ಪು. ಅದನ್ನು ಯಾರೂ ಸಮರ್ಥಿಸಬಾರದು. ಜಾತಿ ನೋಡಬೇಡಿ ಅಂತ ಹೇಳಿದ ಶರಣರ ಹೆಸರಿನ ಜಾಗದಲ್ಲೇ ಹಾಗೆ ನಡೆಯಿತು ಅನ್ನುವುದು ನನಗೂ ನೋವಿನ ವಿಷಯ. ಆದರೆ ಎಲ್ಲ ಮಠವೂ ಹಾಗಿರಲಿಲ್ಲ. ನಮ್ಮ ಕಡೆ ಬರಗಾಲದಲ್ಲಿ ಗಂಜಿ ಹಾಕಿದ್ದು ಮಠ. ಶಾಲೆ ಇಲ್ಲದ ಊರಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿದ್ದೂ ಮಠವೇ. ಗೇಣಿ ನಿಂತ ಮೇಲೆ ದಾಸೋಹವೂ ನಿಂತಿತು.

ಹೆಂಚಿನ ಮಾಡು
ಅಕ್ಷರ ಕಲಿಸಿದ್ದು ಮಠ ಅಂತ ನೀವೇ ಹೇಳಿದಿರಿ. ಹಾಗಾದರೆ ಗ್ರಂಥಾಲಯ ಆದರೆ ಅದೇ ಕೆಲಸ ಮುಂದುವರಿದಂತಾಯಿತು ಅಲ್ವಾ? ಗದ್ದುಗೆ ಕೋಣೆಗೆ ಬೇರೆ ಬಾಗಿಲು ಇದೆಯಾ ನಗರಸೀಮೆಯವರೇ?

ನಗರಸೀಮೆಯವ
ಇದೆ. ಹಿತ್ತಲ ಕಡೆಯಿಂದ ಸಣ್ಣ ಬಾಗಿಲು. ತಲೆ ಬಗ್ಗಿಸಿ ಒಳಗೆ ಹೋಗಬೇಕು. ವರ್ಷಕ್ಕೊಮ್ಮೆ ಆರಾಧನೆಗೆ ಅಲ್ಲಿಂದಲೇ ಹೋಗುತ್ತಾರೆ. ನಡುಮನೆಯಿಂದ ಇರುವ ಬಾಗಿಲು ಮುಚ್ಚಿದರೆ ಆ ಕೋಣೆ ಪೂರಾ ಪ್ರತ್ಯೇಕ ಆಗುತ್ತದೆ.

ತುಂಗೆ ದಡ
ಮತ್ತೆಂತ ಬೇಕು! ಗದ್ದುಗೆ ಗದ್ದುಗೆಯಾಗಿ ಇರಲಿ, ಪುಸ್ತಕ ಪುಸ್ತಕವಾಗಿ ಇರಲಿ.

ಶರಾವತಿ ಹಿನ್ನೀರು
ನಮ್ಮ ಕಡೆಯವರನ್ನು ಕೇಳಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಊರು ಮುಳುಗುವಾಗ ಎಷ್ಟೋ ಮನೆಯವರು ದೇವರನ್ನು ಹೊತ್ತುಕೊಂಡೇ ಎದ್ದರು. ಅರ್ಚಕರು ಮೂರ್ತಿಯ ಕಳೆಯನ್ನು, ಅಂದರೆ ದೈವಶಕ್ತಿಯನ್ನು, ಕಳಶಕ್ಕೆ ಇಳಿಸಿಕೊಂಡು ಹೊಸ ಜಾಗದಲ್ಲಿ ಮತ್ತೆ ಪ್ರತಿಷ್ಠೆ ಮಾಡುತ್ತಾರೆ. ಕಳಾಕರ್ಷಣೆ ಅನ್ನುತ್ತಾರೆ ಅದಕ್ಕೆ. ಹಾಗೆ ಮಾಡಿದ ಮೇಲೆ ಉಳಿಯುವುದು ಕಲ್ಲು ಮರ. ನಮ್ಮ ಗುಡಿಯ ಕಲ್ಲು ಮರಕ್ಕೆ ನೀರು ಬಂತು. ನಿಮ್ಮ ಮಠಕ್ಕೆ ಮಕ್ಕಳು ಬರುತ್ತಾರೆ ಅಂದರೆ ಜಗಳ ಯಾಕೆ? ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹಳೇ ಮರದ ಬೊಡ್ಡೆಗಳು ಕಾಣುತ್ತವೆ. ನೋಡಿದವರಿಗೆ ಗೊತ್ತು, ಕಳಕೊಳ್ಳುವುದು ಅಂದರೆ ಏನು ಅಂತ.

ಲೈಬ್ರರಿ ಅಕ್ಕ
ನಾನು ತೀರ್ಥಹಳ್ಳಿ ಕಡೆಯ ಒಂದು ಅರಿವು ಕೇಂದ್ರದಲ್ಲಿ ಮೇಲ್ವಿಚಾರಕಿ. ಪಂಚಾಯಿತಿ ಗ್ರಂಥಾಲಯಗಳನ್ನು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಇಲಾಖೆಗೆ ವಹಿಸಿದರು. ಆಮೇಲೆ ಬಂದ ಹೆಸರು ಅರಿವು ಕೇಂದ್ರ. ಕಂಪ್ಯೂಟರ್, ಮಕ್ಕಳ ಪುಸ್ತಕ ಎಲ್ಲ ಬಂದಿವೆ. ಕಟ್ಟಡ ಸಿಕ್ಕಿತು ಅಂತ ಖುಷಿಯಾಗುವ ಮೊದಲು ಮಳೆಗಾಲದ ಲೆಕ್ಕ ಹಾಕಿ.

ಜುಲೈ ಬಂತೆಂದರೆ ಪುಸ್ತಕದ ಬೆನ್ನಿಗೆ ಬೂಸ್ಟು ಶುರು. ಮೊದಲು ಹಿಡಿಯುವುದು ಮೈದಾ ಅಂಟು ಹಾಕಿ ಬೈಂಡ್ ಮಾಡಿದ ಪುಸ್ತಕಕ್ಕೆ. ಬಿಳಿ ಪುಡಿಯ ಹಾಗೆ ಕಾಣುತ್ತದೆ, ಒರೆಸಿದರೆ ಹೋಗುತ್ತದೆ, ನಾಲ್ಕು ದಿನಕ್ಕೆ ಮತ್ತೆ ಬರುತ್ತದೆ. ಗೋಡೆಗೆ ತಾಗಿಸಿ ಕಪಾಟು ಇಟ್ಟರೆ ಹಿಂದಿನ ಸಾಲು ಪೂರಾ ಹೋಯಿತು ಅಂತಲೇ ಲೆಕ್ಕ. ಒಂದು ಮೊಳ ಬಿಟ್ಟು ಇಡಿ, ಗಾಳಿ ಆಡಲಿ. ಗಾಜಿನ ಬಾಗಿಲಿನ ಬೀರು ಬೇಡವೇ ಬೇಡ. ತೊಟ್ಟಿ ಇರುವ ಕಟ್ಟಡ ಅಂದಿರಿ. ಬೆಳಕಿಗೆ ಒಳ್ಳೆಯದು, ಆದರೆ ಎರಚಲು ಒಳಗೆ ಬರುತ್ತದೆ. ಪುಸ್ತಕ ಒಳಕೋಣೆಯಲ್ಲಿರಲಿ, ಓದುವ ಜಾಗ ಜಗಲಿಯಲ್ಲಿರಲಿ.

ಇನ್ನೊಂದು. ಪಂಚಾಯಿತಿ ಆಸ್ತಿ ತೆರಿಗೆಯ ಜೊತೆ ಶೇಕಡಾ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೀರಿ. ಅದು ಎಲ್ಲಿಗೆ ಹೋಯಿತು ಅಂತ ಗ್ರಾಮ ಸಭೆಯಲ್ಲಿ ಕೇಳಿ. ಕೇಳುವವರು ಕಡಿಮೆ.

ಅಡಿಕೆ ಗೊನೆ
ತೆರಿಗೆ ಕಟ್ಟುವುದಕ್ಕೆ ದುಡ್ಡೆಲ್ಲಿದೆ ಅಕ್ಕಾ. ಎಲೆಚುಕ್ಕಿ ರೋಗ ಬಂದು ತೋಟ ಸುಟ್ಟ ಹಾಗಾಗಿದೆ. ನಗರ ಹೋಬಳಿ ಕಡೆ ಹೇಗಿದೆ ಈ ವರ್ಷ?

ತುಂಗೆ ದಡ
ಔಷಧಿ ಹೊಡೆದವರದ್ದೂ ಅಷ್ಟೇ, ಹೊಡೆಯದವರದ್ದೂ ಅಷ್ಟೇ. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ ಗೊನೆಯಣ್ಣ, ಇಲ್ಲಿ ಮಠ ಮುಗಿಯಲಿ.

ಹೆಂಚಿನ ಮಾಡು
ಮಾಡಿನ ವಿಷಯ ಹೇಳುತ್ತೇನೆ, ನಮ್ಮ ಮನೆತನದ ಕೆಲಸವೇ ಮರಗೆಲಸ. ದುರಸ್ತಿ ಅಂದ ತಕ್ಷಣ ಪಂಚಾಯಿತಿಯವರು ಹೆಂಚು ಇಳಿಸಿ ತಗಡಿನ ಶೀಟ್ ಹೊದಿಸೋಣ ಅನ್ನುತ್ತಾರೆ. ಒಪ್ಪಬೇಡಿ. ಆಗುಂಬೆ, ಹುಲಿಕಲ್ ಸೀಮೆಯ ಮಳೆ ಶೀಟಿನ ಮೇಲೆ ಬಿದ್ದರೆ ಪಕ್ಕದವನ ಮಾತು ಕೇಳುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಯಾರು ಓದುತ್ತಾರೆ? ಮಾರ್ಚ್ ಏಪ್ರಿಲ್‌ನಲ್ಲಿ ಅದೇ ಶೀಟು ಕಾದು ಬೆವರಿಳಿಸುತ್ತದೆ.

ಹೆಂಚು ಪೂರಾ ಇಳಿಸಿ ತೊಳೆಯಿರಿ. ಒಡೆದದ್ದು ಬಿಟ್ಟು ಉಳಿದದ್ದನ್ನು ಮತ್ತೆ ಹೊದಿಸಬಹುದು. ಹೆಂಚು ಕೂರುವ ರೀಪು ಪಟ್ಟಿ ಬದಲಾಯಿಸಬೇಕಾಗುತ್ತದೆ. ಮಾಡು ಹೊರುವ ಇಳಿಜಾರು ಮರ ಪಕಾಸಿ, ಅದು ಗೋಡೆ ಮೇಲೆ ಕೂರುವ ತುದಿ ನೋಡಿ, ನೀರು ಇಳಿದು ಕೊಳೆಯುವುದು ಅಲ್ಲೇ. ಬೆರಳಲ್ಲಿ ಒತ್ತಿದರೆ ಒಳಗೆ ಹೋಯಿತೆಂದರೆ ಆ ಮರ ಮುಗಿಯಿತು. ಹಲಸಿನ ಕಂಬಕ್ಕೆ ಸಾಮಾನ್ಯವಾಗಿ ಏನೂ ಆಗಿರುವುದಿಲ್ಲ, ಬುಡದಲ್ಲಿ ಗೆದ್ದಲು ಇದೆಯಾ ಅಂತ ಮಾತ್ರ ಸುತ್ತಿಗೆಯಲ್ಲಿ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಹೇಳಿ.

ಗೋಡೆಗೆ ಸಿಮೆಂಟ್ ಬಳಿಯಲು ಬಿಡಬೇಡಿ. ಜಂಬಿಟ್ಟಿಗೆ ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಸಿಮೆಂಟ್ ಬಳಿದರೆ ಕುಡಿದದ್ದು ಒಳಗೇ ಉಳಿದು ಗೋಡೆ ಕೊರೆಯುತ್ತದೆ, ಎರಡು ಮಳೆಗಾಲಕ್ಕೆ ಗಾರೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಸುಣ್ಣದ ಗಾರೆ ಮಾಡಿಸಿ. ಮೇಲೆ ಸುಣ್ಣವೇ ಬಳಿಯಿರಿ, ಪೇಂಟ್ ಬೇಡ.

ಶಿಕಾರಿಪುರ ರೋಡ್
ಹೆಂಚು ಅಂದರೆ ಮಂಗಗಳಿಗೆ ಹಬ್ಬ. ನಮ್ಮಲ್ಲಿ ದಿನಾ ಒಡೆಯುತ್ತವೆ. ಶೀಟ್ ಹಾಕಿದ ಮೇಲೆ ನೆಮ್ಮದಿ.

ಹೆಂಚಿನ ಮಾಡು
ಹೆಂಚಿನ ಮೇಲೆ ಬಲೆ ಎಳೆಯಿರಿ, ಮಾಡಿಗೆ ಚಾಚಿದ ಮರದ ಕೊಂಬೆ ಕಡಿಯಿರಿ. ಅರ್ಧ ಕಾಟ ಕಡಿಮೆಯಾಗುತ್ತದೆ. ಪ್ರತಿ ವರ್ಷ ಮಳೆಗೆ ಮುಂಚೆ ಹೆಂಚು ಕೈಯಾಡಿಸಲೇಬೇಕು, ಅದನ್ನು ತಪ್ಪಿಸುವಂತಿಲ್ಲ. ಕರಾರಿನಲ್ಲೇ ಬರೆಸಿ ಅಂತ ಪಹಣಿ ಮೇಡಂಗೆ ಕೇಳಿಕೊಳ್ಳುತ್ತೇನೆ.

ಪಹಣಿ ಓದುವವಳು
ಬರೆಸಬೇಕು. ಹೆಂಚು ಕೈಯಾಡಿಸುವ ಖರ್ಚು ಯಾರದ್ದು, ಕರೆಂಟ್ ಬಿಲ್ ಯಾರದ್ದು, ಗದ್ದುಗೆ ಕೋಣೆಯ ಹಕ್ಕು ಯಾರದ್ದು, ಆರಾಧನೆಯ ದಿನ ಗ್ರಂಥಾಲಯಕ್ಕೆ ರಜೆಯಾ ಅಲ್ಲವಾ, ಎಲ್ಲ ಬರೆಸಿ. ಜಗಳ ಬರುವುದು ಇಂಥ ಸಣ್ಣ ವಿಷಯಕ್ಕೇ. ಕಟ್ಟಡ ರಾಜ್ಯ ಪುರಾತತ್ವ ಇಲಾಖೆಯ ಸಂರಕ್ಷಿತ ಪಟ್ಟಿಯಲ್ಲಿ ಇಲ್ಲ ಅನ್ನುವುದನ್ನೂ ಮೊದಲೇ ಖಚಿತ ಮಾಡಿಕೊಳ್ಳಿ. ಇದ್ದರೆ ಒಂದು ಮೊಳೆ ಹೊಡೆಯಲೂ ಅನುಮತಿ ಬೇಕು.

ನಗರಸೀಮೆಯವ
ಇನ್ನೊಂದು ವಿಷಯ. ನಿನ್ನೆ ಮಾಡು ನೋಡಲು ಅಟ್ಟ ಹತ್ತಿದ್ದೆವು. ಮರದ ಪೆಟ್ಟಿಗೆಯಲ್ಲಿ ತಾಳೆಗರಿಯ ಎರಡು ಕಟ್ಟು ಸಿಕ್ಕಿವೆ. ಅದರ ಕೆಳಗೆ ಮಡಚಿಟ್ಟ ಕಪ್ಪು ಬಟ್ಟೆಯಂಥದ್ದು, ಮೇಲೆ ಬಿಳಿ ಅಕ್ಷರ. ಪಕ್ಕದಲ್ಲಿ ಭತ್ತ ಅಳೆಯುವ ಮರದ ಕೊಳಗವೂ ಇದೆ. ಅಂಗಳದಲ್ಲಿ ಒಂದು ಶಾಸನದ ಕಲ್ಲೂ ಇದೆ, ಅರ್ಧ ಮಣ್ಣಲ್ಲಿ ಹೂತಿದೆ. ಏನು ಮಾಡಬೇಕು?

ಕಡತದ ಕಟ್ಟು
ದಯವಿಟ್ಟು ಯಾರೂ ಕೈ ಹಾಕಬೇಡಿ! ಬಿಸಿಲಿಗೆ ಹಾಕಬೇಡಿ, ಎಣ್ಣೆ ಹಚ್ಚಬೇಡಿ, ಅಂಟಿಕೊಂಡ ಗರಿಗಳನ್ನು ಎಳೆಯಬೇಡಿ. ಕಪ್ಪು ಬಟ್ಟೆ ಅಂದಿರಲ್ಲ, ಅದು ಕಡತ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಸೇರಿಸಿ ಬಳಿದು, ಒಣಗಿಸಿ, ಬಳಪದಲ್ಲಿ ಬರೆಯುತ್ತಿದ್ದರು. ಹೆಚ್ಚಾಗಿ ಲೆಕ್ಕಪತ್ರ ಇರುತ್ತದೆ. ಒದ್ದೆ ಕೈ ತಾಗಿದರೆ ಅಕ್ಷರ ಅಳಿಸಿಹೋಗುತ್ತದೆ. ಯಾರು ಎಷ್ಟು ಗೇಣಿ ಕೊಟ್ಟರು ಅನ್ನುವುದು ಅದರಲ್ಲಿ ಇದ್ದರೂ ಇರಬಹುದು.

ಸಾಗರದ ಹತ್ತಿರ ಕೆಳದಿಯಲ್ಲಿ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದ ವಸ್ತು ಸಂಗ್ರಹಾಲಯ ಇದೆ. ತಾಳೆಗರಿ, ಕಡತಗಳ ದೊಡ್ಡ ಸಂಗ್ರಹವೇ ಅಲ್ಲಿದೆ. ಅಲ್ಲಿಯವರನ್ನು ಕರೆಸಿ ತೋರಿಸಿ. ಸದ್ಯಕ್ಕೆ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಒಣಗಿದ ಜಾಗದಲ್ಲಿಡಿ. ಪ್ಲಾಸ್ಟಿಕ್ ಕವರ್ ಬೇಡ.

ಶಾಸನದ ಕಲ್ಲು ಈಗಾಗಲೇ ಪ್ರಕಟವಾಗಿದೆಯಾ ನೋಡಿ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 8ನೇ ಸಂಪುಟ 1904ರದ್ದು. ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನ ಅದರಲ್ಲಿವೆ. ಹೊಸನಗರ ಅಂತ ಹುಡುಕಿದರೆ ಸಿಗುವುದಿಲ್ಲ, ಆಗ ತಾಲ್ಲೂಕಿನ ಹೆಸರು ನಗರ. ಅದರ ಕೆಳಗೆ ನಿಮ್ಮೂರಿನ ಹೆಸರು ಇದೆಯಾ ನೋಡಿ. ಮಠಕ್ಕೆ ಭೂಮಿ ಬಿಟ್ಟ ದಾನಶಾಸನವೇ ಆಗಿದ್ದರೆ ಮಠದ ಕಾಲವೂ ಗೊತ್ತಾಗುತ್ತದೆ.

ಕೊಳಗ
ಆ ಕೊಳಗವನ್ನು ಪೆಟ್ಟಿಗೆಯೊಳಗೆ ಮತ್ತೆ ಹಾಕಬೇಡಿ. ಗ್ರಂಥಾಲಯದ ನಡುಮನೆಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಡಿ. ಪಕ್ಕದಲ್ಲಿ ಅದು ಏನು, ಯಾರು ಅದರಲ್ಲಿ ಅಳೆದರು, ಯಾರು ಅಳೆಸಿಕೊಂಡರು ಅಂತ ನಾಲ್ಕು ಸಾಲು ಬರೆದಿಡಿ.

ಗದ್ದುಗೆ ಭಕ್ತ
ಅದಕ್ಕೆ ನನ್ನ ವಿರೋಧ ಇಲ್ಲ. ಬರೆಯುವುದಾದರೆ ದಾಸೋಹದ್ದೂ ಬರೆಯಿರಿ. ಗದ್ದುಗೆ ಕೋಣೆಗೆ ಬೇರೆ ಬಾಗಿಲು, ಆರಾಧನೆಯ ದಿನ ಅಡ್ಡಿ ಇಲ್ಲ, ಚಪ್ಪಲಿ ಜಗಲಿಯ ಕೆಳಗೆ ಬಿಡುವುದು. ಈ ಮೂರು ಕರಾರಿನಲ್ಲಿ ಬಂದರೆ ನಮ್ಮ ಕಡೆಯ ಹಿರಿಯರಿಗೂ ಸಮಾಧಾನ ಆಗಬಹುದು. ಮಠದ ಹೆಸರು ಮಾತ್ರ ತೆಗೆಯಬಾರದು.

ಕೊಳಗ
ಚಪ್ಪಲಿ ಬಿಡುವುದು ಸರಿ, ಎಲ್ಲರೂ ಬಿಟ್ಟರೆ. ಹೆಸರೂ ಇರಲಿ. ನನ್ನ ಕಡೆಯಿಂದ ಒಂದೇ ಷರತ್ತು. ಬೀಗದ ಕೈ ಮಠದ ಮನೆಯವರ ಹತ್ತಿರ ಇರಬಾರದು. ಪಂಚಾಯಿತಿ ಮೇಲ್ವಿಚಾರಕರ ಹತ್ತಿರ ಇರಬೇಕು, ಬಾಗಿಲು ಹೊತ್ತಿಗೆ ಸರಿಯಾಗಿ ತೆಗೆಯಬೇಕು. ಕೀಲಿಗಾಗಿ ಯಾರ ಮನೆ ಮುಂದೆಯೂ ನಿಂತು ಕೇಳುವ ಹಾಗೆ ಆಗಬಾರದು.

ಲೈಬ್ರರಿ ಅಕ್ಕ
ನೂರಕ್ಕೆ ನೂರು ನಿಜ. ಶಾಲೆ ಬಿಟ್ಟ ಮೇಲೆ ಮಕ್ಕಳು ಬರುವ ಹೊತ್ತಿಗೆ ಬಾಗಿಲು ತೆರೆದಿರಬೇಕು. ಎಷ್ಟೋ ಕಡೆ ಕಟ್ಟಡ ಚೆನ್ನಾಗಿರುತ್ತದೆ, ಬೀಗ ಬಿದ್ದಿರುತ್ತದೆ.

ನಗರಸೀಮೆಯವ
ಗದ್ದುಗೆ ಕೋಣೆ ಮಠದ ಮನೆಯವರ ಕೈಲಿ, ಉಳಿದ ಕಟ್ಟಡದ ಕೀಲಿ ಮೇಲ್ವಿಚಾರಕರ ಕೈಲಿ ಅಂತ ಕರಡು ಬರೆಯುತ್ತಿದ್ದೇನೆ. ಗ್ರಾಮ ಸಭೆಯಲ್ಲಿ ಓದಿ ಹೇಳುತ್ತೇನೆ. ಗದ್ದುಗೆ ಭಕ್ತ ಅವರೇ, ನಿಮಗೆ ನಮ್ಮ ಕಡೆಯ ಹಿರಿಯರ ಪರಿಚಯ ಇದ್ದರೆ ಸಭೆಗೆ ಮುಂಚೆ ಒಂದು ಮಾತು ಆಡಿ. ನಾನು ಹೇಳಿದರೆ ಹುಡುಗ ಅಂತಾರೆ.

ಗದ್ದುಗೆ ಭಕ್ತ
ಖಾಸಗಿಯಾಗಿ ಹೆಸರು ಕಳಿಸಿ, ಮಾತಾಡುತ್ತೇನೆ. ಕರಡನ್ನೂ ಕಳಿಸಿ.

ಹೆಂಚಿನ ಮಾಡು
ಸಭೆ ತಡವಾದರೂ ಅಡುಗೆಮನೆ ಕಡೆಯ ಮಾಡಿಗೆ ಈಗಲೇ ಟಾರ್ಪಾಲು ಹೊದಿಸಿ, ಪಕಾಸಿಗೆ ಒಳಗಿನಿಂದ ಊರೆ ಕೊಡಿ. ಮೇ ತಿಂಗಳಲ್ಲಿ ಬಡಗಿಗಳು ಕೈಗೆ ಸಿಗುವುದಿಲ್ಲ. ಈಗಲೇ ಹೇಳಿದರೆ ನಾನೇ ಒಂದು ದಿನ ಬಂದು ಮರ ನೋಡಿ ಹೋಗುತ್ತೇನೆ.